ನಡುವಿನ ಎರಡು ಸ್ವರಗಳು



ನಮ್ಮ ಮನೆಯಲ್ಲಿ ರಾತ್ರಿ ಎಂಟೂವರೆಗೆ ಕುಟುಂಬ ಪ್ರಾರ್ಥನೆ. ನನ್ನ ಮಾವನವರ ಕಾಲದಿಂದ ನಡೆದುಬಂದ ಹೊತ್ತು ಅದು. ಗೋಡೆಗಡಿಯಾರ ಅರ್ಧ ಗಂಟೆ ಹೊಡೆಯಿತೆಂದರೆ ಯಾರು ಎಲ್ಲಿದ್ದರೂ ಚಾವಡಿಗೆ ಬರಬೇಕು. ಒಂದು ಗೀತೆ, ಸತ್ಯವೇದದಿಂದ ಒಂದು ಅಧ್ಯಾಯ, ಪ್ರಾರ್ಥನೆ, ಆಮೇಲೆ ಊಟ. ಮಕ್ಕಳು ಚಿಕ್ಕವರಿದ್ದಾಗ, ಒಳಗಿಂದ ಮೀನು ಸಾರಿನ ಪರಿಮಳ ಬರುತ್ತಿರುವ ಹೊತ್ತಿಗೆ ಉದ್ದದ ಅಧ್ಯಾಯವೇನಾದರೂ ಬಂದರೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ನಮ್ಮವರು ಮಾತ್ರ ಒಂದು ವಚನವನ್ನೂ ಬಿಡುತ್ತಿರಲಿಲ್ಲ.

ನಮ್ಮ ಕಡೆಯ ಹಾಡುಗಾರಿಕೆಯ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದೆ ನಾನು ಹೇಳುವುದು ತಿಳಿಯಲಿಕ್ಕಿಲ್ಲ. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು. ಅವರ ಜೊತೆ ಅವರ ನಾಡಿನ ರಾಗಗಳೂ ಬಂದವು. ಆ ರಾಗಗಳಿಗೆ ಕನ್ನಡದ ಮಾತು ಕೂಡಿತು. ಕರಾವಳಿಯ ನಮ್ಮ ಸಭೆಗಳಲ್ಲಿ ಗೀತೆ ಹಾಡುವುದೆಂದರೆ ನಾಲ್ಕು ಸ್ವರಗಳಲ್ಲಿ ಹಾಡುವುದು: ಹೆಂಗಸರಲ್ಲಿ ಸೊಪ್ರಾನೊ ಮತ್ತು ಆಲ್ಟೊ, ಗಂಡಸರಲ್ಲಿ ಟೆನರ್ ಮತ್ತು ಬಾಸ್. ಸೊಪ್ರಾನೊದವರು ಹಾಡುವುದು ಎಲ್ಲರಿಗೂ ಗುರುತಿರುವ ರಾಗ. ಬಾಸಿನವರದು ಅದಕ್ಕೆ ನೆಲಗಟ್ಟು. ನಡುವಿನ ಆಲ್ಟೊ ಮತ್ತು ಟೆನರ್ ಬೇರೆಯಾಗಿ ಕೇಳಿದರೆ ಹಾಡು ಎನಿಸುವುದೇ ಇಲ್ಲ, ಒಂದೇ ಕಡೆ ಸುತ್ತುತ್ತಿರುತ್ತವೆ. ಆದರೆ ಹಾಡು ಮೈತುಂಬಿಕೊಳ್ಳುವುದು ಅವುಗಳಿಂದಲೇ.

ನಮ್ಮ ಮನೆಯಲ್ಲಿ ಆ ನಾಲ್ಕೂ ಇದ್ದವು. ನನ್ನದು ಸೊಪ್ರಾನೊ, ನಮ್ಮವರದು ಬಾಸ್. ಮಗಳು ಹತ್ತನೆಯ ವಯಸ್ಸಿಗೇ ಆಲ್ಟೊ ಹಿಡಿದಳು. ಭಾನುವಾರ ಬೆಂಚಿನಲ್ಲಿ ನನ್ನ ಅತ್ತೆಯ ಪಕ್ಕ ಕೂತು ಕೂತು ಬಂದದ್ದು ಅದು. ಮಗನ ದನಿ ಒಡೆದು ಎರಡು ವರ್ಷ ಎಲ್ಲೆಲ್ಲೋ ಅಲೆದು ಕೊನೆಗೆ ಟೆನರಿನಲ್ಲಿ ನಿಂತಿತು. ಆಮೇಲೆ ನಾಲ್ಕೈದು ವರ್ಷ ನಮ್ಮ ಹಂಚಿನ ಮಾಡಿನ ಕೆಳಗೆ ಪ್ರತಿ ರಾತ್ರಿ ನಾಲ್ಕು ಸ್ವರ ತುಂಬಿ ಹಾಡಿದೆವು. ಅದೊಂದು ಭಾಗ್ಯ ಎಂದು ಆಗ ಅನಿಸಿರಲಿಲ್ಲ. ಪಾತ್ರೆ ತೊಳೆಯುವ ಹಾಗೆ, ಬಟ್ಟೆ ಮಡಚುವ ಹಾಗೆ ಅದೂ ದಿನದ ಕೆಲಸಗಳಲ್ಲಿ ಒಂದು.

ಮೊದಲು ಹೋದವನು ಮಗ. ಬೆಂಗಳೂರಿಗೆ ಇಂಜಿನಿಯರಿಂಗ್ ಓದಲು ಹೋದ, ಅಲ್ಲೇ ಕೆಲಸವಾಯಿತು. ಮೂರು ಸ್ವರಗಳಲ್ಲಿ ಹೇಗೋ ನಡೆಯಿತು. ಮಗಳು ನರ್ಸಿಂಗ್ ಮುಗಿಸಿ ಊರಲ್ಲೇ ಕೆಲವು ವರ್ಷ ದುಡಿದಳು. ರಾತ್ರಿ ಪಾಳಿ ಮುಗಿಸಿ ಬಂದು ನಿದ್ದೆಗಣ್ಣಲ್ಲೇ ಇಂಗ್ಲಿಷ್ ಪರೀಕ್ಷೆಗೆ ಓದಿದಳು. ಐರ್‌ಲ್ಯಾಂಡಿನ ಡಬ್ಲಿನ್ನಿನಲ್ಲಿ ಕೆಲಸ ಸಿಕ್ಕಿತು. ಅವಳನ್ನು ಬಜಪೆಯಲ್ಲಿ ವಿಮಾನ ಹತ್ತಿಸಿ ಬಂದ ರಾತ್ರಿ ಗಡಿಯಾರ ಅರ್ಧ ಗಂಟೆ ಹೊಡೆಯಿತು. ನಾವಿಬ್ಬರೂ ಚಾವಡಿಗೆ ಬಂದು ಕೂತೆವು. ಗೀತೆ ತೆಗೆದೆವು.

ಹಾಡಿದ್ದು ಸೊಪ್ರಾನೊ ಮತ್ತು ಬಾಸ್. ಮೇಲಿನದೊಂದು, ಕೆಳಗಿನದೊಂದು. ನಡುವೆ ಏನೂ ಇಲ್ಲ. ಎರಡನೆಯ ಚರಣಕ್ಕೆ ನನ್ನ ದನಿ ನಿಂತಿತು. ನಮ್ಮವರು ಪುಸ್ತಕ ಮುಚ್ಚಿ ಅಧ್ಯಾಯ ಓದಿದರು. ಆ ರಾತ್ರಿಯಿಂದ ಸುಮಾರು ಏಳು ತಿಂಗಳು ನಮ್ಮ ಮನೆಯಲ್ಲಿ ಗೀತೆ ಇರಲಿಲ್ಲ.

ಮಕ್ಕಳು ಮನೆ ಬಿಟ್ಟು ಹೋಗುವುದು ಸಾವಲ್ಲ. ಅವರು ಹೋಗಲಿ ಎಂದೇ ನಾವು ಸಾಲ ಮಾಡಿ ಓದಿಸಿದೆವು, ಹರಕೆಯ ಹಾಗೆ ಪ್ರಾರ್ಥಿಸಿದೆವು. ಕೇಳಿದ್ದು ಸಿಕ್ಕಿದ ಮೇಲೆ ಅಳುವುದಕ್ಕೆ ಯಾರ ಮುಂದೆಯೂ ಬಾಯಿ ಬರುವುದಿಲ್ಲ. ಭಾನುವಾರ ಆರಾಧನೆ ಮುಗಿದು ಹೊರಗೆ ನಿಂತಾಗ ಜನ ಕೇಳುತ್ತಿದ್ದರು, "ಮಗಳು ಹೋದಳಂತೆ, ದೇವರು ದೊಡ್ಡದು ಮಾಡಿದ ಅಲ್ವಾ?" ಹೌದು ಎನ್ನುತ್ತಿದ್ದೆ. ದೇವರಿಗೆ ಸ್ತೋತ್ರ ಎನ್ನುತ್ತಿದ್ದೆ. ಮನೆಗೆ ಬಂದು ಅವಳ ಕಪಾಟಿನ ಬಾಗಿಲು ತೆರೆದು ನಿಲ್ಲುತ್ತಿದ್ದೆ. ನನ್ನ ಹಾಗೆ ಎಷ್ಟು ಜನ ತಾಯಂದಿರು ಆ ಅಂಗಳದಲ್ಲಿ ಸ್ತೋತ್ರ ಹೇಳಿ ಮನೆಯಲ್ಲಿ ಕಪಾಟು ತೆರೆದು ನಿಂತಿದ್ದರೋ. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲವಲ್ಲ ಎಂದು ಈಗ ನೋವಾಗುತ್ತದೆ. ನಂಬಿಕೆ ಇರುವವರು ದುಃಖಿಸಬಾರದು ಎಂಬ ಒಂದು ತಪ್ಪು ತಿಳಿವಳಿಕೆ ನಮ್ಮ ನಡುವೆ ಗಟ್ಟಿಯಾಗಿ ಉಂಟು. ಲಾಜರನ ಸಮಾಧಿಗೆ ಹೋಗುವ ಹೊತ್ತಿಗೆ ಯೇಸು ಸ್ವಾಮಿಯೇ ಕಣ್ಣೀರು ಸುರಿಸಿದ್ದನ್ನು ವರ್ಷ ವರ್ಷ ಓದಿಯೂ ನಮಗೆ ಅದು ತಲೆಗೆ ಹೋಗುವುದಿಲ್ಲ.

ಕನ್ನಡ ಸತ್ಯವೇದ ಓದುವ ನಮಗೆ 'ಸಮಾಧಾನ' ಎಂಬುದು ದಿನ ಬಳಕೆಯ ಮಾತು. ಆರಾಧನೆಯ ಕೊನೆಗೆ ಸಭಾಪಾಲಕರು ಕೈಯೆತ್ತಿ ಆಶೀರ್ವದಿಸುವಾಗ ಸಮಾಧಾನ. ಅಳುವ ಮಗುವನ್ನು ಎತ್ತಿಕೊಂಡು ಸಮಾಧಾನ ಮಾಡುವುದು. ಅವಸರ ಪಡುವವನಿಗೆ 'ಸ್ವಲ್ಪ ಸಮಾಧಾನ ತಾಳು' ಎನ್ನುವುದು. ನಮ್ಮ ಭಾಷೆಯಲ್ಲಿ ಒಂದೇ ಶಬ್ದ ಶಾಂತಿಯೂ ಆಗಿದೆ, ಸಂತೈಸುವ ಕೈಯೂ ಆಗಿದೆ, ಕಾಯುವ ತಾಳ್ಮೆಯೂ ಆಗಿದೆ. ಆ ತಿಂಗಳುಗಳಲ್ಲಿ ನಾನು ಮೊದಲಿನದೊಂದನ್ನೇ ಕೇಳುತ್ತಿದ್ದೆ. ಬಾವಿಯ ನೀರು ತಿಳಿಯಾಗುವ ಹಾಗೆ ಮನಸ್ಸು ಒಂದು ದಿನ ತಾನಾಗಿ ತಿಳಿಯಾಗಬೇಕು ಎಂದು. ಆಗಲಿಲ್ಲ. ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಷ್ಯರಿಗೆ ತನ್ನ ಸಮಾಧಾನವನ್ನು ಬಿಟ್ಟುಹೋಗುವ ಮಾತು ಬರುವುದು ಯಾವಾಗ ಎಂದು ಒಂದು ರಾತ್ರಿ ಓದುವಾಗ ಗಮನಕ್ಕೆ ಬಂತು. ಅವನು ಅವರನ್ನು ಅಗಲುವ ರಾತ್ರಿ, ಕಡೆಯ ಊಟದ ಮೇಜಿನಲ್ಲಿ. ಎಲ್ಲರೂ ಕೂಡಿದ್ದ ಸುಖದ ದಿನಗಳಲ್ಲಿ ಅವನು ಅದನ್ನು ಹಂಚಲಿಲ್ಲ. ಹೊರಡುವವನು ಉಳಿಯುವವರ ಕೈಗೆ ಇಟ್ಟು ಹೋದದ್ದು ಅದು. ಅಂದರೆ ಈ ಸಮಾಧಾನ ಹುಟ್ಟಿದ್ದೇ ಅಗಲಿಕೆಯ ಮನೆಯಲ್ಲಿ. ನಾನು ಅದನ್ನು ಬೇರೆಲ್ಲೋ ಹುಡುಕುತ್ತಿದ್ದೆ.

ಮಗಳ ವಿಷಯದಲ್ಲಿ ನನ್ನದು ಬರೀ ನೆನಪಿನ ಸಂಕಟ. ಮಗನ ವಿಷಯ ಬೇರೆ. ಅವನು ಬೆಂಗಳೂರಿಗೆ ಹೋದ ಮೇಲೆ ಆರಾಧನೆಗೆ ಹೋಗುವುದನ್ನು ಬಿಟ್ಟ. ಮೊದಲು ಪರೀಕ್ಷೆ ಎಂದ, ಮತ್ತೆ ಕೆಲಸ ಎಂದ. ಕೊನೆಗೆ ಒಂದು ದಿನ, "ಅಮ್ಮ, ನನಗೆ ಅದರಲ್ಲಿ ಮನಸ್ಸಿಲ್ಲ, ಸುಳ್ಳು ಹೇಳಲಿಕ್ಕೆ ಆಗುವುದಿಲ್ಲ" ಎಂದ. ಅವನು ಸತ್ಯ ಹೇಳಿದ. ಅದನ್ನು ಮೆಚ್ಚುವ ಬುದ್ಧಿ ನನಗೆ ಆಗ ಇರಲಿಲ್ಲ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಫೋನು ಮಾಡಿ ಕೇಳುತ್ತಿದ್ದೆ, "ಹೋಗಿದ್ದೆಯಾ?" ಒಂದೇ ಪ್ರಶ್ನೆ. ಕೆಲವು ತಿಂಗಳ ನಂತರ ಭಾನುವಾರ ಅವನು ಫೋನು ಎತ್ತುವುದನ್ನೇ ಬಿಟ್ಟ. ನಾನು ದೇವರ ಪರವಾಗಿ ಮಾತಾಡುತ್ತಿದ್ದೇನೆ ಎಂದುಕೊಂಡಿದ್ದೆ. ನಿಜವಾಗಿ ಅಲ್ಲಿ ಮಾತಾಡುತ್ತಿದ್ದದ್ದು ನನ್ನ ಹೆದರಿಕೆ. ಮಗ ಊರು ಬಿಟ್ಟರೆ ತಡೆದುಕೊಳ್ಳಬಹುದು, ನಾನು ಕಲಿಸಿದ್ದನ್ನೂ ಬಿಟ್ಟನಲ್ಲ ಎಂಬ ಹೆದರಿಕೆ.

ಮಗಳು ಹೋದ ವರ್ಷ, ಮಳೆಗಾಲ ಕಳೆದ ಒಂದು ಭಾನುವಾರ ನಮ್ಮ ಸಭೆಯಲ್ಲಿ ಒಂದು ಕೂಸಿಗೆ ದೀಕ್ಷಾಸ್ನಾನವಿತ್ತು. ನಮ್ಮ ಸಭೆಯಲ್ಲಿ ಇವತ್ತಿಗೂ ಹಳಬರು ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂರುತ್ತಾರೆ. ನಾನು ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಒಬ್ಬಳೇ. ಎಳೆಯ ತಾಯಿ ಕೂಸನ್ನು ಎತ್ತಿಕೊಂಡು ಮುಂದೆ ಬಂದಳು. ಸಭಾಪಾಲಕರು ಕೇಳಬೇಕಾದದ್ದನ್ನು ಕೇಳಿದರು. ಅವಳೂ ಗಂಡನೂ ಹೇಳಬೇಕಾದದ್ದನ್ನು ಹೇಳಿದರು. ಆಮೇಲೆ ಸಭಾಪಾಲಕರು ಎರಡೂ ಕೈ ಚಾಚಿದರು. ಆ ಒಂದು ಗಳಿಗೆ ತಾಯಿಯ ಕೈ ಸಡಿಲವಾಗಲಿಲ್ಲ. ಕೂಸು ಎಚ್ಚರಾಗಿ ಅಳಲು ಶುರು ಮಾಡಿತ್ತು. ಅವಳು ಒಂದು ಹೆಜ್ಜೆ ಹಿಂದೆ ಸರಿದಳೋ ಎಂದು ನನಗೆ ಅನಿಸಿತು. ಮತ್ತೆ ಕೊಟ್ಟಳು. ಹೆಸರು ಕರೆದು ನೀರು ಹಾಕಿ ಆಶೀರ್ವದಿಸಿ ಅವರು ಕೂಸನ್ನು ಮರಳಿ ಅವಳ ಕೈಗೆ ಇಟ್ಟರು. ಅವಳು ಸೆರಗಿನಿಂದ ಅದರ ತಲೆ ಒರೆಸಿದಳು.

ನಾನು ಎಷ್ಟು ದೀಕ್ಷಾಸ್ನಾನ ನೋಡಿದ್ದೇನೆ! ಅದೇ ಸ್ನಾನದ ಬಟ್ಟಲಿನ ಮುಂದೆ ನನ್ನ ಇಬ್ಬರನ್ನೂ ಕೊಟ್ಟಿದ್ದೇನೆ. ಅಂದು ನಾನು ಏನು ಮಾಡಿದೆ ಎಂಬುದು ಮೂವತ್ತು ವರ್ಷದ ನಂತರ ಆ ಬೆಂಚಿನಲ್ಲಿ ಕೂತಾಗ ತಿಳಿಯಿತು. ನಾನು ಕೊಟ್ಟಿದ್ದೆ. ತುಂಬಿದ ಸಭೆಯ ಮುಂದೆ, ಬಾಯಿಬಿಟ್ಟು ಹೇಳಿ, ಕೈ ಸಡಿಲಿಸಿ ಕೊಟ್ಟಿದ್ದೆ. ಮರಳಿ ನನ್ನ ಕೈಗೆ ಬಂದ ಕೂಸು ನನ್ನ ಬಳಿ ಇಟ್ಟ ಇಡುಗಂಟು. ಹಾಲು ಕೊಡು, ಜ್ವರ ಬಂದರೆ ಎಚ್ಚರವಿರು, ಅಕ್ಷರ ಕಲಿಸು, ನನ್ನ ಹೆಸರು ಹೇಳಿಕೊಡು, ಕೇಳಿದಾಗ ಕಳಿಸು ಎಂದು ದೇವರು ನನ್ನ ಕೈಯಲ್ಲಿ ಇಟ್ಟದ್ದು. ಬಜಪೆಯಲ್ಲಿ ನನ್ನಿಂದ ಯಾರೂ ಏನನ್ನೂ ಕಿತ್ತುಕೊಳ್ಳಲಿಲ್ಲ. ಎಂದೋ ಕೊಟ್ಟದ್ದನ್ನು ಅಂದು ಒಪ್ಪಿಸಿ ಬಂದೆ, ಅಷ್ಟೇ. ಆ ಭಾನುವಾರ ನಾನು ಸಭೆಯಲ್ಲೇ ಅತ್ತೆ. ಪಕ್ಕದ ಬೆಂಚಿನ ಅಕ್ಕ ಎದ್ದು ಬಂದು ನನ್ನ ಬಳಿ ಕೂತರು. ಏನೂ ಕೇಳಲಿಲ್ಲ. ಆಮೇಲೆ ಗೊತ್ತಾಯಿತು, ಅವರ ಮೂವರು ಮಕ್ಕಳೂ ಮಸ್ಕತ್, ಮುಂಬಯಿ, ಮೆಲ್ಬರ್ನ್ ಎಂದು ಹರಡಿಹೋಗಿದ್ದಾರೆ.

ಹಳೆಯ ಒಡಂಬಡಿಕೆಯ ಹನ್ನಳ ಕಥೆ ನನಗೆ ಆಪ್ತವಾದದ್ದು ಅಲ್ಲಿಂದ. ಮಕ್ಕಳಿಲ್ಲದ ಹನ್ನಳು ಶೀಲೋವಿನ ಆಲಯದಲ್ಲಿ ತುಟಿ ಮಾತ್ರ ಆಡಿಸುತ್ತ ಪ್ರಾರ್ಥಿಸಿದಳು. ಯಾಜಕನಾದ ಏಲಿ ಅವಳು ಕುಡಿದಿದ್ದಾಳೆ ಎಂದುಕೊಂಡ. ಅವಳಿಗೆ ಸಮುವೇಲ ಹುಟ್ಟಿದ. ಮೊಲೆ ಬಿಡಿಸಿದ ಮೇಲೆ, ಹರಕೆ ಹೊತ್ತಂತೆ, ಆ ಚಿಕ್ಕ ಹುಡುಗನನ್ನು ಆಲಯದಲ್ಲಿ ಬಿಟ್ಟು ಬಂದಳು. ಇಷ್ಟು ಎಲ್ಲರಿಗೂ ಗೊತ್ತು. ಭಾನುವಾರ ಶಾಲೆಯಲ್ಲಿ ಇಪ್ಪತ್ತು ವರ್ಷ ನಾನೇ ಈ ಪಾಠ ಮಾಡಿದ್ದೇನೆ. ಆದರೆ ಮುಂದಿನ ಅಧ್ಯಾಯದಲ್ಲಿ ಒಂದು ಚಿಕ್ಕ ಸಂಗತಿ ಉಂಟು. ನಾನು ಯಾವತ್ತೂ ಅಲ್ಲಿ ನಿಂತಿರಲಿಲ್ಲ. ಹನ್ನಳು ವರ್ಷ ವರ್ಷವೂ ಮಗನಿಗೆ ಒಂದು ಚಿಕ್ಕ ನಿಲುವಂಗಿ ಮಾಡಿ, ಗಂಡನ ಜೊತೆ ವಾರ್ಷಿಕ ಬಲಿಗೆ ಹೋಗುವಾಗ ತೆಗೆದುಕೊಂಡು ಹೋಗುತ್ತಿದ್ದಳು.

ನನಗೆ ಹೊಲಿಗೆ ಗೊತ್ತು. ಹಾಗಾಗಿ ನನ್ನ ಪ್ರಶ್ನೆ ಹೊಲಿಗೆಯವಳ ಪ್ರಶ್ನೆ. ಅವಳು ಅಳತೆ ಎಲ್ಲಿಂದ ತಂದಳು? ಬೆಳೆಯುವ ಹುಡುಗ. ವರ್ಷಕ್ಕೊಮ್ಮೆ ಮಾತ್ರ ನೋಡುವುದು. ಕಳೆದ ಸಲ ಕಂಡಾಗ ಭುಜ ಎಲ್ಲಿಗೆ ಬರುತ್ತಿತ್ತು, ಇಷ್ಟರಲ್ಲಿ ಎಷ್ಟು ಎತ್ತರ ಬಂದಿರಬಹುದು, ತಿನ್ನಲು ಸಿಗುತ್ತದೋ ಇಲ್ಲವೋ. ಹತ್ತಿರದಲ್ಲಿ ಅದೇ ಪ್ರಾಯದ ಮಕ್ಕಳನ್ನು ಕಂಡರೆ ಕಣ್ಣಲ್ಲೇ ಅಳೆದಿರಬೇಕು. ಅಂದಾಜಿನ ಮೇಲೆ ಕತ್ತರಿಸಿ, ಅಂದಾಜಿನ ಮೇಲೆ ಹೊಲಿದು, ಒಂದಿಷ್ಟು ದೊಡ್ಡದೇ ಇರಲಿ ಎಂದು ಅಂಚು ಮಡಚಿರಬೇಕು. ಕೊಟ್ಟುಬಿಟ್ಟೆ, ಇನ್ನು ನನಗೇನು ಎಂದು ಅವಳು ಕೈ ಕಟ್ಟಿ ಕೂರಲಿಲ್ಲ. ಕೊಟ್ಟದ್ದನ್ನು ಮರಳಿ ಕೇಳಲೂ ಇಲ್ಲ. ಕಾಣದ ಮೈಗೆ ಅಂಗಿ ಹೊಲಿಯುತ್ತ ಕಾಲ ಕಳೆದಳು. ಪ್ರಾರ್ಥನೆ ಎಂದರೆ ಇದೇ ಎಂದು ನನಗೆ ಅನಿಸಿದ್ದು ಆಗ. ಮಗಳ ವಾರ್ಡಿನಲ್ಲಿ ಇವತ್ತು ಏನಾಯಿತು, ಮಗನ ಮನಸ್ಸಿನಲ್ಲಿ ಏನು ನಡೆಯುತ್ತಿದೆ, ಅಳತೆ ನನಗೆ ಗೊತ್ತಿಲ್ಲ. ಗೊತ್ತಿರುವವನ ಮುಂದೆ ಅಂದಾಜಿನಲ್ಲಿ ಹೊಲಿದು ಇಡುತ್ತೇನೆ.

ನಮ್ಮ ಕರಾವಳಿಗೆ ಈ ಅಗಲಿಕೆ ಹೊಸದಲ್ಲ. ನಮಗೆ ಸುವಾರ್ತೆ ತಂದವರ ಮನೆಗಳಲ್ಲೂ ಇದೇ ಇತ್ತು, ತಿರುಗುಮುರುಗಾಗಿ. ಮಿಶನರಿಗಳ ಮಕ್ಕಳು ಇಲ್ಲಿ ಹುಟ್ಟುತ್ತಿದ್ದರು. ಶಾಲೆಯ ಪ್ರಾಯಕ್ಕೆ ಬಂದಾಗ ತಂದೆತಾಯಿ ಅವರನ್ನು ಹಡಗಿನಲ್ಲಿ ಯುರೋಪಿಗೆ ಕಳಿಸುತ್ತಿದ್ದರು. ಅಂಥ ಮಕ್ಕಳಿಗಾಗಿಯೇ 1853ರಲ್ಲಿ ಬಾಸೆಲ್‌ನಲ್ಲಿ ಒಂದು ಮಕ್ಕಳ ಮನೆ ಏರ್ಪಟ್ಟಿತು. ಮಲಯಾಳಕ್ಕೆ ದೊಡ್ಡ ನಿಘಂಟು ಕೊಟ್ಟ ಹರ್ಮನ್ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದವಳು. ತೀರ ಎಳೆಯ ಪ್ರಾಯದಲ್ಲೇ ಅವಳನ್ನು ಯುರೋಪಿನಲ್ಲಿ ಬಿಟ್ಟು ತಂದೆತಾಯಿ ಇಲ್ಲಿಗೆ ಮರಳಿದರು. ಅವಳು ಮತ್ತೆ ಅವರನ್ನು ಸೇರಿದಾಗ ಸುಮಾರು ಹದಿನೈದು ವರ್ಷದ ಹುಡುಗಿ. ಲೇಖಕ ಹರ್ಮನ್ ಹೆಸ್ಸೆಯ ತಾಯಿ ಇವಳೇ. ಹಡಗಿನಿಂದ ಇಳಿದು ಬಂದ ಆ ಹುಡುಗಿಯನ್ನು ನೋಡಿದಾಗ ತಾಯಿಗೆ ತನ್ನ ಮಗುವಿನ ಮುಖ ಗುರುತು ಸಿಕ್ಕಿತೇ? ಸುವಾರ್ತೆಯ ಸೇವೆಗಾಗಿ ಚಿಕ್ಕ ಮಕ್ಕಳನ್ನು ಹಾಗೆ ದೂರ ಮಾಡಿದ್ದು ಸರಿ ಎಂದು ನನ್ನ ಬಾಯಿಯಿಂದ ಬರುವುದಿಲ್ಲ. ಕಳಿಸುವ ಪ್ರಾಯ ಬೇರೆ, ಹೋಗುವ ಪ್ರಾಯ ಬೇರೆ. ಆದರೆ ಮಂಗಳೂರಿನ ಬಂಗಲೆಗಳಲ್ಲಿ ಕಾಗದಕ್ಕಾಗಿ ವಾರಗಟ್ಟಲೆ ಕಾಯುತ್ತಿದ್ದ ಆ ತಾಯಂದಿರು ನನಗೆ ಈಗ ಅಪರಿಚಿತರಲ್ಲ.

ಇನ್ನೊಂದು ಬದಿಯೂ ಉಂಟು, ಅದನ್ನು ಹೇಳದಿದ್ದರೆ ನಾನು ಪೂರ್ತಿ ಸತ್ಯ ಹೇಳಿದ ಹಾಗಾಗುವುದಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ತರುಣ ದೀಕ್ಷಾಸ್ನಾನ ಪಡೆದ. 1846ರಲ್ಲಿ ಬಾಸೆಲ್‌ಗೆ ಹೋಗಿ ಕಲಿತು, 1851ರಲ್ಲಿ ಸೇವಕ ದೀಕ್ಷೆ ಪಡೆದು ನಾಡಿಗೆ ಮರಳಿದ. ನಮ್ಮ ಸಭಾ ಚರಿತ್ರೆಯಲ್ಲಿ ಇದನ್ನು ನಾವು ಹೆಮ್ಮೆಯಿಂದ ಓದುತ್ತೇವೆ, ನಾನೂ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಅಂಥ ತರುಣರು ಒಬ್ಬೊಬ್ಬರಾಗಿ ಮನೆ ಬಿಟ್ಟು ಹೊರಬಂದ ದಿನ ಆ ಮನೆಗಳ ಅಡುಗೆ ಕೋಣೆಯಲ್ಲಿ ತಾಯಿ ಏನು ಮಾಡಿದಳು ಎಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ನನ್ನ ಮನೆತನದ ಕ್ರೈಸ್ತ ನಂಬಿಕೆಯೂ ಎಂದೋ ಯಾವನೋ ಒಬ್ಬ ಮಗ ಹೆತ್ತವಳ ದಾರಿ ಬಿಟ್ಟು ನಡೆದದ್ದರಿಂದಲೇ ಶುರುವಾದದ್ದು. ಅವನಿಗೆ ಅದು ಸತ್ಯದ ಕರೆ. ಅವಳಿಗೆ ಅದು ಮಗನ ನಷ್ಟ. ಅವಳ ಹೆಸರೂ ನನಗೆ ಗೊತ್ತಿಲ್ಲ, ಆದರೆ ಅವಳ ಕಣ್ಣೀರಿನ ಋಣ ನನ್ನ ಮೇಲಿದೆ. ಸುಳ್ಳು ಹೇಳಲಾರೆ ಎಂದ ನನ್ನ ಮಗನ ಮೇಲೆ ಸಿಟ್ಟು ಮಾಡುವ ಮೊದಲು ಆ ತಾಯಿಯನ್ನು ನೆನೆದುಕೊಳ್ಳಬೇಕಾದದ್ದು ನ್ಯಾಯ.

ಸಭಾಪಾಲಕರು ಒಮ್ಮೆ ನನಗೆ ಸಂತ ಅಗಸ್ಟಿನನ ತಾಯಿ ಮೋನಿಕಾಳ ಕಥೆ ಹೇಳಿದರು. ಉತ್ತರ ಆಫ್ರಿಕದ ಕಾರ್ಥೇಜಿನಿಂದ 383ರಲ್ಲಿ ಮಗ ರೋಮಿಗೆ ಹೊರಟ. ತಾಯಿ ಬಿಡಲಿಲ್ಲ, ಕಡಲ ತೀರದವರೆಗೂ ಹಿಂದೆಯೇ ಬಂದಳು. ಗೆಳೆಯನನ್ನು ಬೀಳ್ಕೊಡಬೇಕು ಎಂದು ಅವನು ಸುಳ್ಳು ಹೇಳಿ, ಅವಳು ಹತ್ತಿರದ ಪ್ರಾರ್ಥನಾಲಯದಲ್ಲಿ ರಾತ್ರಿ ಕಳೆಯುತ್ತಿದ್ದಾಗ ಹಡಗು ಹತ್ತಿ ಹೋದ. ಬೆಳಿಗ್ಗೆ ಅವಳು ಅಳುತ್ತ ನಿಂತಳು. ಮಗ ಹೋಗಬಾರದು ಎಂದು ಆ ರಾತ್ರಿಯೆಲ್ಲ ಅವಳು ಬೇಡಿದ್ದಳು. ದೇವರು ಅದನ್ನು ನಡೆಸಿಕೊಡಲಿಲ್ಲ. ಅವನು ಹೋದ ದಾರಿಯಲ್ಲೇ ಮಿಲಾನಿನಲ್ಲಿ ಬಿಷಪ್ ಅಂಬ್ರೋಸನ ಉಪದೇಶ ಅವನ ಕಿವಿಗೆ ಬಿತ್ತು, 387ರಲ್ಲಿ ದೀಕ್ಷಾಸ್ನಾನವೂ ಅಲ್ಲೇ ಆಯಿತು. ಈ ಕಥೆಯನ್ನು ಎಲ್ಲರೂ ಮಗನ ಮನಃಪರಿವರ್ತನೆಗಾಗಿ ಹೇಳುತ್ತಾರೆ. ನನ್ನ ಮನಸ್ಸು ಹಿಡಿದದ್ದು ಬೇರೆ. ಗಂಡನ ಪಕ್ಕದಲ್ಲೇ ತನ್ನನ್ನು ಹೂಳಬೇಕು ಎಂದು ಮೋನಿಕಾ ಮೊದಲಿಂದ ಆಸೆಪಟ್ಟಿದ್ದಳಂತೆ. ಅದೇ ವರ್ಷ ಪರದೇಶದ ಓಸ್ತಿಯಾ ಬಂದರಿನಲ್ಲಿ ಜ್ವರದಿಂದ ಮಲಗಿದಾಗ, ಎಲ್ಲಾದರೂ ಹೂಳಿ, ಅದರ ಚಿಂತೆ ಬೇಡ, ಪ್ರಾರ್ಥನೆಯಲ್ಲಿ ನನ್ನನ್ನು ನೆನೆಯಿರಿ ಎಂದಳು. ಮಗನನ್ನು ತನ್ನ ಬಳಿ ಇಟ್ಟುಕೊಳ್ಳಲು ಹೆಣಗಿದ ಹೆಂಗಸು ಕೊನೆಗೆ ತನ್ನ ಸಮಾಧಿಯ ಜಾಗವನ್ನೂ ಕೈಬಿಟ್ಟಳು. ಅಷ್ಟು ದೂರ ನಾನಿನ್ನೂ ಬಂದಿಲ್ಲ.

ಯೇಸುವಿನ ತಾಯಿಯದೂ ಅಷ್ಟೇ. ಮಾರ್ಕನ ಸುವಾರ್ತೆಯಲ್ಲಿ ಅವಳು ಮಗನನ್ನು ಕಾಣಲು ಬಂದು ಮನೆಯ ಹೊರಗೆ ನಿಂತಿದ್ದಾಳೆ. ಒಳಗೆ ಜನ ತುಂಬಿದ್ದಾರೆ. ಯಾರೋ ಹೋಗಿ, ನಿನ್ನ ತಾಯಿ ಹೊರಗಿದ್ದಾಳೆ ಎಂದು ಹೇಳುತ್ತಾರೆ. ಫೋನು ಎತ್ತದ ಭಾನುವಾರಗಳಲ್ಲಿ ನಾನು ಅವಳ ಜೊತೆ ಆ ಹೊಸ್ತಿಲ ಹೊರಗೆ ನಿಂತಿದ್ದೇನೆ. ಅವಳು ಅಲ್ಲಿಂದ ಸಿಟ್ಟಿನಲ್ಲಿ ಮರಳಲಿಲ್ಲ. ಶಿಲುಬೆಯ ಬುಡದವರೆಗೂ ಹೋದಳು.

ಭಾನುವಾರದ ಆ ಪ್ರಶ್ನೆಯನ್ನು ನಿಲ್ಲಿಸಿದೆ. ನಿಲ್ಲಿಸಲು ಕಷ್ಟವಾಯಿತು. ಹನ್ನೊಂದು ಗಂಟೆಗೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತಿತ್ತು. ಬುಧವಾರ ರಾತ್ರಿ ಮಾಡತೊಡಗಿದೆ. "ಊಟ ಆಯ್ತಾ ಮಗಾ? ಎಂತ ಮಾಡಿದ್ದಿ?" ಎಂದು ಕೇಳುತ್ತಿದ್ದೆ. ಮೊದಮೊದಲು ಅವನು ಮುಂದಿನ ಪ್ರಶ್ನೆಗಾಗಿ ಕಾಯುತ್ತಿದ್ದ, ಅದು ನನಗೆ ದನಿಯಲ್ಲೇ ಗೊತ್ತಾಗುತ್ತಿತ್ತು. ಅದು ಬರಲಿಲ್ಲ. ಮೂರು ನಾಲ್ಕು ತಿಂಗಳಾದ ಮೇಲೆ ಒಂದು ದಿನ ಅವನೇ ಕರೆ ಮಾಡಿ, ಬಂಗುಡೆ ಪುಳಿಮುಂಚಿಗೆ ಹುಳಿ ಎಷ್ಟು ಹಾಕುವುದು ಎಂದು ಕೇಳಿದ. ನಿಂಬೆ ಗಾತ್ರದ ಹುಣಸೆ ಹಣ್ಣು ಸಾಕು ಎಂದೆ. ಫೋನು ಇಟ್ಟ ಮೇಲೆ ಒಳಗೆ ಹೋಗಿ ಮೊಣಕಾಲೂರಿದೆ.

ಗೀತೆ ಮತ್ತೆ ಶುರುವಾದದ್ದು ಹೇಗೆ ಎಂದು ಹೇಳುತ್ತೇನೆ. ಅದು ನನ್ನಿಂದ ಆದದ್ದಲ್ಲ. ನಮ್ಮವರು ಹೆಚ್ಚು ಮಾತಿನವರಲ್ಲ. ಮಕ್ಕಳು ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಲಿಲ್ಲ. ತೋಟದಲ್ಲಿ ಕೆಲಸ ಹೆಚ್ಚು ಮಾಡಿದರು, ಅಷ್ಟೇ. ತಾಯಂದಿರ ಸಂಕಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಅಪ್ಪಂದಿರದು ಅಡಿಕೆ ಮರದ ಬುಡದಲ್ಲಿ ಮಣ್ಣು ಸೇರುತ್ತದೆ. ದೀಕ್ಷಾಸ್ನಾನದ ಆ ಭಾನುವಾರ ರಾತ್ರಿ ಗಡಿಯಾರ ಹೊಡೆದಾಗ ನಾನು ಎಂದಿನಂತೆ ಸತ್ಯವೇದ ತೆಗೆದೆ. ಅವರು ಕೈ ಅಡ್ಡ ಹಿಡಿದು ಗೀತೆ ಪುಸ್ತಕ ತೆಗೆದರು. ನನಗಾಗಿ ಕಾಯದೆ ತಮ್ಮ ಬಾಸನ್ನು ಹಾಡಲು ಶುರು ಮಾಡಿದರು. ಬಾಸ್ ಒಂದೇ ಕೇಳಿದರೆ ಅದು ಯಾವ ಗೀತೆ ಎಂದೇ ಹೊರಗಿನವರಿಗೆ ಗೊತ್ತಾಗಲಿಕ್ಕಿಲ್ಲ. ಮಾಡು ಇಲ್ಲದ ಮನೆಯ ಪಂಚಾಂಗದ ಹಾಗೆ. ಒಂದು ಚರಣ ಪೂರ್ತಿ ಹಾಗೇ ಹಾಡಿ ನನ್ನ ಮುಖ ನೋಡಿದರು. "ಅವರ ಜಾಗ ಅವರಿಗೆ ಇರಲಿ, ನಾವು ನಮ್ಮದು ಹಾಡುವ" ಎಂದರು.

ಹಾಡಿದೆವು. ನಡುವಿನ ಎರಡು ಸ್ವರಗಳ ಜಾಗ ಖಾಲಿಯೇ ಇತ್ತು. ಆ ಖಾಲಿಯನ್ನು ತುಂಬಿಸಬೇಕು ಎಂದು ನಾನು ಇಷ್ಟು ದಿನ ಹಂಬಲಿಸಿದ್ದೆ. ಆ ರಾತ್ರಿ ಅದನ್ನು ಹಾಗೇ ಬಿಟ್ಟು ಹಾಡಿದೆ. ಆಲ್ಟೊ ಎಲ್ಲಿ ಇಳಿಯುತ್ತದೆ, ಟೆನರ್ ಎಲ್ಲಿ ಏರುತ್ತದೆ ಎಂದು ನನ್ನ ಕಿವಿಗೆ ಗೊತ್ತು. ಅವೆರಡಕ್ಕೂ ಎಡೆ ಕೊಟ್ಟು, ಎಲ್ಲಿ ಕಾಯಬೇಕೋ ಅಲ್ಲಿ ಕಾದು ಹಾಡಿದೆ. ಗೀತೆಯ ನಂತರ ಪ್ರಾರ್ಥನೆಯಲ್ಲಿ ಅವರು ಮಕ್ಕಳ ಹೆಸರು ಹೇಳಿದರು, ಹೆಸರು ಮಾತ್ರ. ಅವರಿಗೆ ಇದು ಕೊಡು, ಅದು ಕೊಡು, ಹೀಗೆ ನಡೆಸು ಎಂದು ನಾನು ಒಂದು ಪಟ್ಟಿಯನ್ನೇ ಒಪ್ಪಿಸುತ್ತಿದ್ದವಳು. ಆ ರಾತ್ರಿ ನಾನೂ ಹೆಸರು ಮಾತ್ರ ಹೇಳಿ ಆಮೆನ್ ಅಂದೆ. ಮಲಗಿದ ಮೇಲೆ ನಿದ್ದೆ ಬಂತು.

ಪ್ರತಿ ರಾತ್ರಿ ಹಾಗಾಗುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಜೋರು ಮಳೆಯ ರಾತ್ರಿಗಳಲ್ಲಿ, ಡಬ್ಲಿನ್ನಿನಿಂದ ಎರಡು ದಿನ ಸುದ್ದಿ ಇಲ್ಲದಾಗ, ಹಳೆಯ ಭಯ ಬಾಗಿಲು ತಟ್ಟುತ್ತದೆ. ಆಗ ಸಮಾಧಾನ ಎಂಬ ಮಾತಿನ ಮೂರನೆಯ ಅರ್ಥ, ತಾಳುವುದು, ನನಗೆ ಆಸರೆ.

ಹೀಗೆ ಕಾಯುವವಳು ನಾನೊಬ್ಬಳೇ ಅಲ್ಲ. ನಮ್ಮ ನೆರೆಮನೆಯವರು ಕೊಂಕಣಿ ಕಥೋಲಿಕರು. ಸೆಪ್ಟೆಂಬರ್ 8ಕ್ಕೆ ಅವರಿಗೆ ಮೊಂತಿ ಫೆಸ್ತ್, ಮರಿಯಮ್ಮನ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಹೂವು ಕೊಯ್ದು ಇಗರ್ಜಿಗೆ ಒಯ್ಯುತ್ತಾರೆ. ಹಬ್ಬದ ದಿನ ಆಶೀರ್ವಾದ ಮಾಡಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಮಂದಿಯೆಲ್ಲ ಕೂಡಿ ಉಣ್ಣುತ್ತಾರೆ. ನೆರೆಮನೆಯ ಅಮ್ಮನವರ ಮಕ್ಕಳು ಕುವೈತಿನಲ್ಲಿ. ಅವರು ಆ ತೆನೆಯ ನಾಲ್ಕು ಕಾಳುಗಳನ್ನು ಕಾಗದದಲ್ಲಿ ಮಡಚಿ ಲಕೋಟೆಗೆ ಹಾಕಿ ಕಳಿಸುತ್ತಾರೆ. ಹೋದ ವರ್ಷ ನಾನು ವಿಳಾಸ ಬರೆದುಕೊಟ್ಟೆ, ಅವರಿಗೆ ಕಣ್ಣು ಮಂಜು. ಲಕೋಟೆ ಮುಚ್ಚುವ ಮೊದಲು ಅದನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂತರು. ಸಭೆ ಬೇರೆ, ಪದ್ಧತಿ ಬೇರೆ. ನಮ್ಮಲ್ಲಿ ಮರಿಯಮ್ಮನ ಹಬ್ಬ ಇಲ್ಲ. ಆದರೂ ನಾನು ಅವರ ಪಕ್ಕದಲ್ಲಿ ಕಣ್ಣು ಮುಚ್ಚಿದೆ.

ಕಳೆದ ಕ್ರಿಸ್ಮಸ್ಸಿಗೆ ಮಗ ಬಂದಿದ್ದ. ಎಂಟೂವರೆಗೆ ಗಡಿಯಾರ ಹೊಡೆದಾಗ ನಾನು ಅವನನ್ನು ಕರೆಯಲಿಲ್ಲ. ಅವನು ತಾನಾಗಿ ಬಂದು ತನ್ನ ಹಳೆಯ ಕುರ್ಚಿಯಲ್ಲಿ ಕೂತ. ನಾವು ಹಾಡಿದೆವು. ಅವನು ಬಾಯಿ ತೆರೆಯಲಿಲ್ಲ, ಟೆನರಿನ ಜಾಗ ಖಾಲಿಯೇ ಉಳಿಯಿತು. ಪ್ರಾರ್ಥನೆಯಲ್ಲಿ ಅವನ ಹೆಸರು ಬಂದಾಗ ತಲೆ ತಗ್ಗಿಸಿದ್ದನೋ ಇಲ್ಲವೋ, ನಾನು ನೋಡಲಿಲ್ಲ. ಆಮೇಲೆ ಮೂವರೂ ಕೂಡಿ ಉಂಡೆವು.

ಮಗಳ ಜೊತೆ ವಿಡಿಯೋ ಕರೆಯಲ್ಲಿ ಹಾಡಲು ಒಮ್ಮೆ ಪ್ರಯತ್ನಿಸಿದೆವು. ನಮ್ಮ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಚಳಿಗಾಲದಲ್ಲಿ ಮಧ್ಯಾಹ್ನ ಮೂರು ಗಂಟೆ. ಅವಳಿಗೆ ರಜೆಯಿತ್ತು. ಆದರೆ ಅವಳ ದನಿ ಇಲ್ಲಿಗೆ ತಲುಪುವಷ್ಟರಲ್ಲಿ ನಾವು ಮುಂದಿನ ಸಾಲಿನಲ್ಲಿರುತ್ತಿದ್ದೆವು. ನಮ್ಮದಕ್ಕೆ ಅವಳು ಕಾದರೆ ಎಲ್ಲ ಇನ್ನಷ್ಟು ಹಿಂದೆ ಬೀಳುತ್ತಿತ್ತು. ಎರಡು ಸಾಲಿಗೆ ನಿಲ್ಲಿಸಿದೆವು. "ನಾನು ಇಲ್ಲಿ ನನ್ನಷ್ಟಕ್ಕೆ ಹಾಡುತ್ತೇನಮ್ಮ, ಅಡುಗೆ ಮಾಡುವಾಗ" ಎಂದಳು. "ಆಲ್ಟೊವನ್ನೇ?" ಎಂದು ಕೇಳಿದೆ. "ಅದೇ ಬರುವುದು ಬಾಯಿಗೆ" ಎಂದಳು.

ಅವಳಿಗೀಗ ಮಗಳಿದ್ದಾಳೆ, ಮೂರು ತುಂಬಿತು. ನಾನು ಅವಳನ್ನು ಮುಟ್ಟಿ ನೋಡಿದ್ದು ಒಂದೇ ಸಲ, ಹತ್ತು ತಿಂಗಳ ಕೂಸಾಗಿದ್ದಾಗ. ಈ ಸಲ ಯಾರೋ ಅಲ್ಲಿಗೆ ಹೋಗುವವರ ಕೈಯಲ್ಲಿ ನಾನು ಹೊಲಿದ ಒಂದು ಫ್ರಾಕ್ ಕಳಿಸಿದೆ, ನೀಲಿ ಹತ್ತಿ ಬಟ್ಟೆ, ಕುತ್ತಿಗೆಗೆ ಬಿಳಿ ಲೇಸು. ಅಳತೆ ಕೇಳಿರಲಿಲ್ಲ. ಕೇಳಿದರೂ, ತಲುಪುವಷ್ಟರಲ್ಲಿ ಅವಳು ಬೆಳೆದಿರುತ್ತಾಳೆ. ಮಗಳು ಅದನ್ನು ತೊಡಿಸಿ ಫೋನಿನ ಮುಂದೆ ನಿಲ್ಲಿಸಿದಳು. ಮೊಮ್ಮಗಳು ಒಂದು ಸುತ್ತು ತಿರುಗಿದಳು. ತೋಳು ಗಿಡ್ಡವಾಗಿತ್ತು.

ಮೊನ್ನೆ ಪೇಟೆಗೆ ಹೋಗಿ ಹಳದಿ ಬಟ್ಟೆ ತಂದು ಕತ್ತರಿಸಿದ್ದೇನೆ. ತೋಳಿಗೆ ಎರಡು ಬೆರಳು ಹೆಚ್ಚು ಬಿಟ್ಟಿದ್ದೇನೆ, ಕೆಳಗೆ ಅಂಚನ್ನು ಅಗಲವಾಗಿ ಮಡಚುತ್ತೇನೆ.